ತರಗತಿಗೆ ಯಾವ ಪೇಪರ್: ಹೊಸದೋ, ಹಳೆಯದೋ, ಇ-ಪೇಪರೋ?

ಐದರಿಂದ ಏಳನೇ ತರಗತಿ ಮಕ್ಕಳಿಗೆ ಓದಿಸಲು ಅಂದಿನ ದಿನಪತ್ರಿಕೆ, ಹಳೇ ಪೇಪರ್, ಇ-ಪೇಪರ್ ಇವುಗಳಲ್ಲಿ ಯಾವುದು ಸರಿ ಅಂತ ಕೇಳಿದ್ದೀರಿ. ಅದು ನೀವು ಮಕ್ಕಳಿಂದ ಮಾಡಿಸುವ ಕೆಲಸದ ಮೇಲೆ ನಿಂತಿದೆ.

ಖರ್ಚು ನೋಡಿದರೆ ಹಳೇ ಪೇಪರೇ ಸೈ. ಮಕ್ಕಳ ಮನೆಯಿಂದಲೇ ಬರುತ್ತದೆ. ದಿನಪತ್ರಿಕೆ ಹಾಕಿಸಿದರೆ ತಿಂಗಳ ಬಿಲ್ ಇದೆ. ಇ-ಪೇಪರ್‌ಗೆ ಪ್ರೊಜೆಕ್ಟರ್, ಕರೆಂಟು, ನೆಟ್ ಎಲ್ಲ ಬೇಕು, ಕೆಲವಕ್ಕೆ ಚಂದಾ ಕೂಡ.

ಓದಲು ತಡವರಿಸುವ ಮಕ್ಕಳು ಜಾಸ್ತಿ ಇದ್ದರೆ ಹಳೇ ಪೇಪರ್ ತಗೊಳ್ಳಿ. ಪ್ರತಿಯೊಬ್ಬರ ಕೈಗೂ ಒಂದು ಹಾಳೆ ಸಿಗುತ್ತದೆ. ಒತ್ತಕ್ಷರಕ್ಕೆ ಸುತ್ತು ಹಾಕಬಹುದು, ತಲೆಬರಹ ಕತ್ತರಿಸಿ ಬೇರೆ ಸುದ್ದಿಗೆ ಅಂಟಿಸಬಹುದು. ಹರಿದರೂ ಯಾರೂ ಬೈಯುವುದಿಲ್ಲ, ಅಲ್ವಾ?

ಆದರೆ ಮಕ್ಕಳು ನಾಳೆಯ ಸುದ್ದಿಗೆ ಕಾಯಬೇಕು ಅಂದರೆ ಅಂದಿನ ಪೇಪರೇ ಬೇಕು. ಮಳೆಗಾಲದಲ್ಲಿ ಕೆಆರ್‌ಎಸ್ ಅಣೆಕಟ್ಟಿನ ನೀರಿನ ಮಟ್ಟ ಪೇಪರಿನಲ್ಲಿ ಬರುತ್ತದಲ್ಲ, ಅದನ್ನೇ ತೆಗೆದುಕೊಳ್ಳಿ. ಗರಿಷ್ಠ ಮಟ್ಟ 124.80 ಅಡಿ. ಒಬ್ಬರು ಇಂದಿನ ಮಟ್ಟ, ಒಳಹರಿವು, ಹೊರಹರಿವು ಓದಿ ಬೋರ್ಡ್ ಮೇಲೆ ಬರೆಯಲಿ. ತುಂಬಲು ಇನ್ನೆಷ್ಟು ಅಡಿ ಅಂತ ಉಳಿದವರು ಕಳೆಯಲಿ. ಓದಿನ ಜೊತೆ ದಶಮಾಂಶದ ಲೆಕ್ಕವೂ ಆಗುತ್ತದೆ. ಇದಕ್ಕೆ ಒಂದೇ ಪ್ರತಿ ಸಾಕು.

ಇ-ಪೇಪರ್‌ನ ಲಾಭ ಬೇರೆ. ಒಂದೇ ಪತ್ರಿಕೆಯ ಕಲಬುರಗಿ, ಮಂಗಳೂರು ಆವೃತ್ತಿಗಳನ್ನು ಪಕ್ಕಪಕ್ಕ ತೋರಿಸಿ, ಮುಖಪುಟ ಯಾಕೆ ಬೇರೆಯಾಯಿತು ಅಂತ ಕೇಳಬಹುದು. ಏಳನೆಯವರಿಗೆ ಇದು ಚೆನ್ನಾಗಿ ಹಿಡಿಸುತ್ತದೆ.

ಯಾವುದೇ ಆದರೂ ಅಪರಾಧ ಸುದ್ದಿಯ ಪುಟ ನೀವು ಮೊದಲು ನೋಡಿ, ಬೇಡದ್ದನ್ನು ತೆಗೆದಿಡಿ. ಹಳೇ ಪೇಪರ್‌ನಲ್ಲಿ ಈ ಕೆಲಸ ಹಿಂದಿನ ಸಂಜೆಯೇ ಮುಗಿಯುತ್ತದೆ; ಅಂದಿನ ಪೇಪರ್‌ಗೆ ಪ್ರಾರ್ಥನೆಗೂ ಮುಂಚೆ ಹತ್ತು ನಿಮಿಷ ಬೇಕು.