ಮಾತಾಡೋದು ಬರುತ್ತೆ, ಕೇಳಿಸಿಕೊಳ್ಳೋದು ಇನ್ನೂ ಬರಬೇಕು

ಮಂಡ್ಯದ ಸುಭಾಷ್ ನಗರದಲ್ಲಿ ನಾನು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತೇನೆ. ಇಂಗ್ಲಿಷ್ ಮಾತಾಡಲು ಅಭ್ಯಾಸ ಮಾಡಿಸುವ, ಅನಿಮೇಷನ್ ಟೀಚರ್ ಇರುವ ಈ ಆ್ಯಪನ್ನು ಕ್ಲಾಸಿನ ಟ್ಯಾಬ್‌ಗೆ ಹಾಕಿಕೊಂಡು ಎರಡು ವರ್ಷದ ಮೇಲಾಯಿತು. ಪರದೆಯಲ್ಲಿ ಒಬ್ಬಳ ಮುಖ, ಭುಜ, ಕೈ ಕಾಣುತ್ತೆ. ನಾವು ಮಾತಾಡಿದರೆ ಉತ್ತರ ಕೊಡುತ್ತಾಳೆ. ಕನ್ನಡವೂ ಬರುತ್ತೆ. ಮಕ್ಕಳೆಲ್ಲ ಅವಳನ್ನು ‘ಅಕ್ಕ’ ಅಂತಲೇ ಕರೆಯುತ್ತಾರೆ.

ನನ್ನೆದುರು ಬಾಯಿ ಬಿಡದವರೂ ಅವಳ ಹತ್ತಿರ ಧೈರ್ಯವಾಗಿ ಮಾತಾಡುತ್ತಾರೆ. ತಪ್ಪಾದರೆ ನಗುವವರಿಲ್ಲ, ಅಲ್ವಾ? ಬರೀ ಧ್ವನಿಯ ಆ್ಯಪ್ ಕೊಟ್ಟಾಗ ತಲೆ ತಗ್ಗಿಸಿ ಗೊಣಗುತ್ತಿದ್ದವರು ಮುಖ ಕಂಡರೆ ತಲೆ ಎತ್ತಿ ಮಾತಾಡುತ್ತಾರೆ. ಇಷ್ಟಕ್ಕೇ ದುಡ್ಡು ಕೊಡಬಹುದು.

ತೊಂದರೆ ಇರುವುದು ಅವಳು ಸುಮ್ಮನಿರಬೇಕಾದ ಕಡೆ. ಮಳವಳ್ಳಿ ಕಡೆಯ ಹುಡುಗಿಯೊಬ್ಬಳು ಇಂಟರ್‌ವ್ಯೂಗೆ ತಯಾರಾಗುತ್ತಿದ್ದಳು. ಅವರದು ಆಲೆಮನೆ. ‘ಮೈ ಫಾದರ್ ರನ್ಸ್ ಎ...’ ಅಂದು ನಿಂತಳು. ಕಣ್ಣು ಫ್ಯಾನಿನ ಕಡೆ ಹೋಯಿತು, ಬೆರಳು ಗಾಳಿಯಲ್ಲಿ ಗಾಣ ಸುತ್ತುತ್ತಿತ್ತು. ನೋಡಿದ ಯಾರಿಗಾದರೂ ಗೊತ್ತಾಗುತ್ತೆ, ಅವಳ ಮಾತು ಮುಗಿದಿಲ್ಲ ಅಂತ. ಅಷ್ಟರಲ್ಲಿ ಅಕ್ಕ ‘ವೆರಿ ಗುಡ್’ ಅಂದು ಮುಂದಿನ ಪ್ರಶ್ನೆಗೆ ಹೋಗಿಬಿಟ್ಟಳು. ಹುಡುಗಿ ಆಮೇಲೆ ಒಂದೊಂದೇ ಪದದಲ್ಲಿ ಉತ್ತರ ಕೊಟ್ಟಳು. ನನಗೆ ನಿಜಕ್ಕೂ ಬೇಜಾರಾಯಿತು.

ಹತ್ತು ಭಾಷೆಗಳ ಪ್ರಶ್ನೆ–ಉತ್ತರಗಳನ್ನು ಅಳೆದ 2009ರ ಒಂದು ಅಧ್ಯಯನದಲ್ಲಿ, ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಸಮಯ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟಿತ್ತು. ಅಂದರೆ ಎದುರಿನವರು ಸುಮ್ಮನಾಗಲಿ ಅಂತ ನಾವು ಕಾಯುವುದೇ ಇಲ್ಲ. ದನಿ, ವಾಕ್ಯ, ಕಣ್ಣು ನೋಡಿ ಮೊದಲೇ ಊಹಿಸುತ್ತೇವೆ. ಯೋಚಿಸುವಾಗ ಕಣ್ಣು ಆಚೆ ಹೋಗುತ್ತೆ, ಮುಗಿಸುವಾಗ ವಾಪಸ್ ಬರುತ್ತೆ. ಮಾತುಕತೆಯಲ್ಲಿ ನೋಟ, ಸನ್ನೆಗಳನ್ನು ಅಧ್ಯಯನ ಮಾಡಿದ ಆಡಂ ಕೆಂಡನ್ ಇದನ್ನು 1967ರಲ್ಲೇ ಬರೆದಿದ್ದಾರೆ. ಈ ಆ್ಯಪ್ ಮಾತ್ರ ಸದ್ದು ನಿಂತರೆ ಸಾಕು, ಸರದಿ ತನ್ನದು ಅಂದುಕೊಳ್ಳುತ್ತೆ. ಇನ್‌ಸ್ಟಾಲ್ ಮಾಡುವಾಗ ಕ್ಯಾಮೆರಾಗೆ ಪರ್ಮಿಷನ್ ಕೇಳುತ್ತೆ. ಹಾಗಿದ್ದ ಮೇಲೆ ಮಗುವಿನ ಮುಖ ನೋಡಬೇಕಲ್ವಾ?

ಇದೇನು ಆಗದ ಕೆಲಸವಲ್ಲ. 1990ರ ದಶಕದ ಕೊನೆಯಲ್ಲೇ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಸಂಶೋಧಕಿ ಜಸ್ಟೀನ್ ಕ್ಯಾಸೆಲ್ ತಂಡ ಪರದೆ ಮೇಲೆ ಮಾತಾಡುವ ‘ರಿಯಾ’ ಅನ್ನುವ ಪಾತ್ರ ಮಾಡಿತ್ತು. ಮನೆ ತೋರಿಸುವ ಏಜೆಂಟ್ ಅವಳು. ಎದುರಿನವರು ಕೈ ಆಡಿಸಿದರೆ ಕ್ಯಾಮೆರಾದಲ್ಲಿ ಗಮನಿಸಿ, ಮಾತು ನಿಲ್ಲಿಸಿ ಜಾಗ ಬಿಡುತ್ತಿದ್ದಳು.

ನಮ್ಮ ಅಕ್ಕ ಕನ್ನಡ ಮಾತಾಡುವಾಗ ತುಟಿಯೂ ಸರಿಯಿಲ್ಲ. ‘ಅಪ್ಪ’, ‘ಹಬ್ಬ’ ಅನ್ನುವಾಗ ತುಟಿ ಒಂದು ಕ್ಷಣ ಒತ್ತಿ ನಿಲ್ಲಬೇಕು. ಅವಳದು ಸುಮ್ನೆ ತಾಗಿ ಬಿಟ್ಟುಕೊಳ್ಳುತ್ತೆ. ಕಿವಿಗೆ ಸರಿಯಾಗಿ ಕೇಳಿಸಿದರೂ ನೋಡೋಕೆ ಕಿರಿಕಿರಿ. ನಾವು ಮಾತಾಡುವಾಗ ಒಂದು ‘ಹ್ಞೂಂ’ ಕೂಡ ಇಲ್ಲ, ತಲೆಯನ್ನೂ ಆಡಿಸುವುದಿಲ್ಲ.

ಕಳೆದ ದೊಡ್ಡ ಅಪ್‌ಡೇಟ್‌ನಲ್ಲಿ ಕಾರ್ಟೂನ್ ಮುಖ ತೆಗೆದು ನಿಜವಾದ ಹೆಂಗಸಿನ ಥರ ಮಾಡಿದರು. ಚರ್ಮ, ಕೂದಲು ಎಲ್ಲಾ ಚೆಂದ, ನೋಟ ಮಾತ್ರ ಸತ್ತಂತಿದೆ. ಮನುಷ್ಯರಿಗೆ ತುಂಬಾ ಹತ್ತಿರ ಬಂದು ಸ್ವಲ್ಪದರಲ್ಲಿ ತಪ್ಪಿದ್ದು ಮುಜುಗರ ತರುತ್ತೆ ಅಂತ ಜಪಾನಿನ ರೋಬೋಟ್ ತಜ್ಞ ಮಸಾಹಿರೊ ಮೋರಿ 1970ರಲ್ಲೇ ರೋಬೋಟ್‌ಗಳ ಬಗ್ಗೆ ಹೇಳಿದ್ದರು. ಚಿಕ್ಕ ಮಕ್ಕಳು ‘ಹಳೇ ಅಕ್ಕನ್ನ ಹಾಕಿ ಮಿಸ್’ ಅಂತ ಕೇಳಿದರು. ಸೆಟ್ಟಿಂಗ್ಸ್‌ನಲ್ಲಿ ಹಳೇ ಮುಖ ಇನ್ನೂ ಇದೆ, ಆ್ಯಪ್ ಮಾಡಿದವರು ದಯವಿಟ್ಟು ಅದನ್ನು ತೆಗೆಯಬೇಡಿ.

ಅಲ್ಲೇ ಕೆಳಗೆ ‘ಒತ್ತಿ ಹಿಡಿದು ಮಾತಾಡಿ’ ಅನ್ನುವ ಆಯ್ಕೆಯೂ ಇದೆ. ಕಲಿಯುವವರಿಗೆ ಕೊಡುವುದಾದರೆ ಮೊದಲು ಅದನ್ನು ಆನ್ ಮಾಡಿ. ಬೆರಳು ಎತ್ತುವ ತನಕ ಅವಳು ಬಾಯಿ ಹಾಕುವುದಿಲ್ಲ. ಸಹಜ ಮಾತುಕತೆ ಇದಲ್ಲ, ಆದರೆ ಮಕ್ಕಳಿಗೆ ಯೋಚಿಸಲು ಸಮಯ ಸಿಗುತ್ತೆ. ನಾನು ಈ ಸಲ ವರ್ಷದ ಪ್ಲಾನ್ ಬಿಟ್ಟು ಮೂರು ತಿಂಗಳಿಗಷ್ಟೇ ಕಟ್ಟಿದ್ದೇನೆ. ಐದಕ್ಕೆ ಮೂರು ಸ್ಟಾರ್.