ಮುನ್ನೂರು ರೂಪಾಯಿಗೆ ಬ್ರಾಡ್‌ವೇ

ಬೆಳಗಾವಿ ಖಡೇಬಜಾರದ ಹಳೆ ಸಾಮಾನಿನ ಅಂಗಡಿಯಲ್ಲಿ ‘ಮೈ ಫೇರ್ ಲೇಡಿ’ ಗ್ರಾಮಫೋನ್ ಪ್ಲೇಟು ಸಿಕ್ಕಿತು. ಸಿನಿಮಾದ್ದಲ್ಲ, 1956ರಲ್ಲಿ ನ್ಯೂಯಾರ್ಕಿನ ರಂಗಭೂಮಿ ಬ್ರಾಡ್‌ವೇಯಲ್ಲಿ ಆಡಿದ ನಾಟಕದ ನಟರೇ ಹಾಡಿದ್ದು. ನಾಟಕ ಶುರುವಾದ ತಿಂಗಳಲ್ಲೇ ಕೊಲಂಬಿಯಾ ಕಂಪನಿ ರೆಕಾರ್ಡ್ ಮಾಡಿತ್ತು. ಆ ಹುರುಪು ಇನ್ನೂ ಕೇಳಿಸುತ್ತದೆ.

ಜೂಲಿ ಆಂಡ್ರೂಸ್ ದನಿ ಗಾಜಿನಷ್ಟು ತಿಳಿ. ರೆಕ್ಸ್ ಹ್ಯಾರಿಸನ್ ಮಾತ್ರ ಹಾಡೋದೇ ಕಮ್ಮಿ, ತಾಳಕ್ಕೆ ಸರಿಯಾಗಿ ಜಗಳ ಆಡುತ್ತಾರೆ. ಏಣಗಿ ಬಾಳಪ್ಪನವರ ರಂಗಗೀತೆ ಮೆಚ್ಚುವ ನಮ್ಮವ್ವ, ‘ಇವಗ ರಾಗಾನ ಬರೂದಿಲ್ಲೇನು?’ ಅಂದಳು. ನನಗೆ ಅದೇ ಮಜಾ! ಸಿಟ್ಟು, ಸೊಕ್ಕು, ನಗು ಎಲ್ಲಾ ಮಾತಿನ ಓಟದಲ್ಲೇ ಬರುತ್ತದೆ.

ಮರಾಠಿಯ ‘ತೀ ಫುಲರಾಣಿ’ ನೋಡಿದವರಿಗೆ ಕತೆ ಗೊತ್ತೇ ಇದೆ. ಎರಡಕ್ಕೂ ಮೂಲ ಬರ್ನಾರ್ಡ್ ಶಾ ಬರೆದ ನಾಟಕ ‘ಪಿಗ್ಮೇಲಿಯನ್’. ಎರಡನೇ ಬದಿಯಲ್ಲಿ ಗೀರು ಜಾಸ್ತಿ. ಅಂಗಡಿಯವರು 400 ಅಂದರು, ಚೌಕಾಸಿ ಮಾಡಿ 300ಕ್ಕೆ ತಂದೆ.