ಅಮೆರಿಕದ ಚುನಾವಣಾ ಫ್ಯಾಕ್ಟ್‌ಚೆಕ್ ತಾಣಗಳು: ಸುಳ್ಳು ಸಿಕ್ಕಿಬೀಳುತ್ತದೆ, ಓಲೈಕೆ ನುಣುಚಿಕೊಳ್ಳುತ್ತದೆ

ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಪ್ರಚಾರವನ್ನು ಗಮನಿಸುವವರಿಗೆ ಪುಕ್ಕಟೆಯಾಗಿ ಸಿಗುವ ಸೇವೆಗಳಲ್ಲಿ ಎರಡು ಮುಖ್ಯ: ಫ್ಯಾಕ್ಟ್‌ಚೆಕ್ ಡಾಟ್ ಆರ್ಗ್ ಮತ್ತು ಪಾಲಿಟಿಫ್ಯಾಕ್ಟ್. ಅಭ್ಯರ್ಥಿ ಹೇಳಿದ ಅಂಕಿಅಂಶ ನಿಜವೋ ಸುಳ್ಳೋ ಎಂದು ತಿಳಿಯಲು ಎರಡೂ ನಂಬಿಕೆಗೆ ಅರ್ಹ. ಆದರೆ ಪ್ರಚಾರದಲ್ಲಿ ಮತದಾರರ ಕಣ್ಣಿಗೆ ಮಣ್ಣೆರಚಲು ಸುಳ್ಳನ್ನೇ ಹೇಳಬೇಕಾಗಿಲ್ಲ. ಒಂದು ರಾಜ್ಯದವರ, ಒಂದು ಕಸುಬಿನವರ ಮೂಗಿಗೆ ತುಪ್ಪ ಸವರುವ ಭರವಸೆಯನ್ನು ಸುಳ್ಳು ಎನ್ನಲು ಬರುವುದಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬೇರೆ ಗದ್ದಲ ಎಬ್ಬಿಸಿದರೆ ಅದೂ ಸುಳ್ಳಿನ ಲೆಕ್ಕಕ್ಕೆ ಬರುವುದಿಲ್ಲ. ಈ ಎರಡು ಕಾಯಿಲೆಗಳಿಗೆ ಈ ತಾಣಗಳು ಎಷ್ಟು ಮದ್ದಾಗುತ್ತವೆ ಎಂಬುದನ್ನೇ ಇಲ್ಲಿ ನೋಡಿದ್ದೇವೆ.

ಫ್ಯಾಕ್ಟ್‌ಚೆಕ್ ಡಾಟ್ ಆರ್ಗ್ ಶುರುವಾದದ್ದು 2003ರ ಡಿಸೆಂಬರ್‌ನಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆನೆನ್‌ಬರ್ಗ್ ಸಾರ್ವಜನಿಕ ನೀತಿ ಕೇಂದ್ರದ ಆಶ್ರಯದಲ್ಲಿ. ಇಲ್ಲಿ ಅಂಕ, ಮೀಟರ್, ಬಣ್ಣದ ಚಿಹ್ನೆ ಯಾವುದೂ ಇಲ್ಲ. ಹೇಳಿಕೆ, ಅದರ ಹಿನ್ನೆಲೆ, ಮೂಲ ದಾಖಲೆಗಳ ಕೊಂಡಿ ಇಷ್ಟೇ. ಓದಲು ಸ್ವಲ್ಪ ಒಣ ಎನಿಸಬಹುದು, ಆದರೆ ಈ ಶಿಸ್ತೇ ಅದರ ಬಲ. ಚರ್ಚೆ ಮುಗಿದ ಮೇಲೆ ಬರುವ ಅವರ ಬರಹದಲ್ಲಿ ಮುಖ್ಯಾಂಶಗಳು ಮೇಲೆ, ವಿವರ ಕೆಳಗೆ ಇರುತ್ತವೆ. ಮೇಲಿನದನ್ನು ಓದಿ ಬಿಟ್ಟರೆ ಅರ್ಧ ಲಾಭ ಅಷ್ಟೆ. 2004ರ ಉಪಾಧ್ಯಕ್ಷೀಯ ಚರ್ಚೆಯಲ್ಲಿ ಅಧ್ಯಕ್ಷ ಬುಷ್ ಅವರ ಉಪಾಧ್ಯಕ್ಷ ಡಿಕ್ ಚೇನಿ ಇದನ್ನೇ ಉಲ್ಲೇಖಿಸಲು ಹೋಗಿ, ಕೊನೆಯಲ್ಲಿ 'ಡಾಟ್ ಕಾಮ್' ಎಂದುಬಿಟ್ಟರು. ಆ ಹೆಸರಿನ ಬೇರೊಂದು ತಾಣದ ಮಾಲೀಕರು, ಬಂದವರನ್ನೆಲ್ಲ ಬುಷ್ ವಿರೋಧಿ ಕೋಟ್ಯಧಿಪತಿ ಜಾರ್ಜ್ ಸೊರೋಸ್ ಅವರ ತಾಣಕ್ಕೆ ತಿರುಗಿಸಿದರು. ಆದ್ದರಿಂದ ವಿಳಾಸದ ಕೊನೆಯ ಭಾಗವನ್ನು ಸರಿಯಾಗಿ ಟೈಪ್ ಮಾಡಿ.

ಪಾಲಿಟಿಫ್ಯಾಕ್ಟ್ 2007ರಲ್ಲಿ ಫ್ಲಾರಿಡಾದ ಪತ್ರಿಕೆಯೊಂದರ ಯೋಜನೆಯಾಗಿ ಹುಟ್ಟಿತು. 2008ರ ಚುನಾವಣೆಯ ಕೆಲಸಕ್ಕೆ ಮರುವರ್ಷ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಬಂತು. 2018ರಿಂದ ಅದು ಪತ್ರಕರ್ತರಿಗೆ ತರಬೇತಿ ಕೊಡುವ ಪಾಯಿಂಟರ್ ಸಂಸ್ಥೆಯ ಕೈಯಲ್ಲಿದೆ. ಅದರ 'ಟ್ರೂಥ್-ಓ-ಮೀಟರ್'ನಲ್ಲಿ ಆರು ಮಟ್ಟಗಳಿವೆ: ನಿಜ, ಬಹುಪಾಲು ನಿಜ, ಅರ್ಧ ನಿಜ, ಬಹುಪಾಲು ಸುಳ್ಳು, ಸುಳ್ಳು, ಕೊನೆಗೆ 'ಪ್ಯಾಂಟ್ಸ್ ಆನ್ ಫೈರ್' ಎಂಬ ಹಸಿ ಸುಳ್ಳು. ವರದಿಗಾರರು ಒಂದು ಮಟ್ಟವನ್ನು ಸೂಚಿಸುತ್ತಾರೆ, ಮೂವರು ಸಂಪಾದಕರು ಕೂತು ಮತ ಹಾಕಿ ತೀರ್ಮಾನಿಸುತ್ತಾರೆ. ವ್ಯವಸ್ಥೆ ಒಳ್ಳೆಯದೇ. ಜನ ಎಡವುವುದು ಅಭ್ಯರ್ಥಿಯ ಹೆಸರಿನ ಪುಟದಲ್ಲಿರುವ ಒಟ್ಟು ಲೆಕ್ಕದಲ್ಲಿ. 'ಇವರ ಮಾತಿನಲ್ಲಿ ಇಷ್ಟು ಶೇಕಡಾ ಸುಳ್ಳು' ಎಂದು ಆ ಪಟ್ಟಿ ತೋರಿಸಿ ವಾದ ಮಾಡುವವರು ಬಹಳ. ಆದರೆ ಪರಿಶೀಲನೆಗೆ ಆರಿಸಿಕೊಳ್ಳುವುದೇ ಅನುಮಾನ ಹುಟ್ಟಿಸುವ, ಸುದ್ದಿ ಮಾಡಿದ ಹೇಳಿಕೆಗಳನ್ನು. ಆಡಿದ ಎಲ್ಲ ಮಾತುಗಳ ಮಾದರಿ ಅದಲ್ಲ. ಆ ಶೇಕಡಾವಾರನ್ನು ಯಾರ ಪ್ರಾಮಾಣಿಕತೆಯ ಅಳತೆಗೂ ಬಳಸಬಾರದು.

ಗಮನ ಬೇರೆಡೆ ಸೆಳೆಯುವ ತಂತ್ರದ ಎದುರು ಈ ತಾಣಗಳು ಹೇಗೆ ನಿಲ್ಲುತ್ತವೆ ಎಂದು ನೋಡಲು 2024ರ ಸೆಪ್ಟೆಂಬರ್ 10ರಂದು ಫಿಲಡೆಲ್ಫಿಯಾದಲ್ಲಿ ಎಬಿಸಿ ವಾಹಿನಿ ನಡೆಸಿದ ಟ್ರಂಪ್-ಹ್ಯಾರಿಸ್ ಚರ್ಚೆಯ ಒಂದೇ ತುಣುಕು ಸಾಕು. ವಲಸೆಯ ವಿಷಯ ಬಂತು. ಗಡಿಯಲ್ಲಿ ವಲಸೆ ತಡೆಯುವ ಕ್ರಮ ಕೈಗೊಳ್ಳಲು ಚುನಾವಣೆಗೆ ಆರು ತಿಂಗಳು ಉಳಿಯುವವರೆಗೆ ಸರ್ಕಾರ ಯಾಕೆ ಕಾಯಿತು ಎಂದು ನಿರೂಪಕ ಡೇವಿಡ್ ಮ್ಯೂರ್ ಆಗಿನ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರನ್ನು ಕೇಳಿದರು. ಹ್ಯಾರಿಸ್ ತಾವು ಪ್ರಾಸಿಕ್ಯೂಟರ್ ಆಗಿದ್ದಾಗ ಗ್ಯಾಂಗ್‌ಗಳ ಮೇಲೆ ಹೂಡಿದ ಮೊಕದ್ದಮೆಗಳ ಬಗ್ಗೆ ಹೇಳಿದರು, ಸಂಸತ್ತಿನ ಮೇಲ್ಮನೆ ಸೆನೆಟ್‌ನ ಗಡಿ ಬಿಗಿಗೊಳಿಸುವ ಮಸೂದೆಯ ಬಗ್ಗೆ ಹೇಳಿದರು, ಕೊನೆಗೆ ಟ್ರಂಪ್ ಸಭೆಗಳಿಂದ ಜನ ಬೇಸತ್ತು ಅರ್ಧಕ್ಕೇ ಎದ್ದು ಹೋಗುತ್ತಾರೆ ಎಂದು ಕುಟುಕಿದರು. 'ಯಾಕೆ ಕಾದಿರಿ' ಎಂಬುದಕ್ಕೆ ಉತ್ತರ ಬರಲಿಲ್ಲ. ಆ ಮಸೂದೆಯನ್ನು ನೀವು ಯಾಕೆ ತಡೆದಿರಿ ಎಂಬ ಪ್ರಶ್ನೆ ಟ್ರಂಪ್ ಅವರತ್ತ ಹೋಯಿತು. ಅವರು ಮೊದಲು ಸಭೆಗಳ ಮಾತಿಗೆ ಉತ್ತರಿಸುತ್ತೇನೆ ಎಂದು ಶುರುಮಾಡಿ, ಒಹಾಯೋದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವಲಸಿಗರು ಜನರ ಸಾಕುಪ್ರಾಣಿಗಳನ್ನು ತಿನ್ನುತ್ತಿದ್ದಾರೆ ಎಂಬಲ್ಲಿಗೆ ಮುಟ್ಟಿದರು. ಅಂಥ ನಂಬಲರ್ಹ ವರದಿ ಯಾವುದೂ ಇಲ್ಲ ಎಂದು ನಗರಾಡಳಿತ ತಿಳಿಸಿದೆ ಎಂದು ಮ್ಯೂರ್ ಅಲ್ಲೇ ಹೇಳಿದರು. ಮಸೂದೆಯ ಪ್ರಶ್ನೆ ಮಾತ್ರ ಅಲ್ಲೇ ಉಳಿಯಿತು.

ಫ್ಯಾಕ್ಟ್‌ಚೆಕ್ ತಾಣಗಳು ಸಾಕುಪ್ರಾಣಿಯ ಸುಳ್ಳನ್ನು ಬಯಲು ಮಾಡಿದವು, ಪಾಲಿಟಿಫ್ಯಾಕ್ಟ್ ಅದನ್ನೇ 2024ರ 'ವರ್ಷದ ಸುಳ್ಳು' ಎಂದು ಘೋಷಿಸಿತು. ಆ ಊರಿನ ವಲಸಿಗರಾದ ಹೈಟಿ ದೇಶದವರ ಮೇಲೆ ಬಿದ್ದ ಹೊರೆಯನ್ನು ನೆನೆದರೆ ಅದು ಮಾಡಲೇಬೇಕಾದ ಕೆಲಸ. ಆದರೆ ಇಬ್ಬರೂ ಜಾರಿಕೊಂಡ ಆ ಎರಡು ಪ್ರಶ್ನೆಗಳಿಗೆ ಯಾವ ಮೀಟರಿನಲ್ಲೂ ಜಾಗವಿಲ್ಲ. ಹಾರಿಕೆ ಉತ್ತರ ಸುಳ್ಳಲ್ಲವಲ್ಲ! ಈ ಸೇವೆಯ ದೊಡ್ಡ ಕೊರತೆ ಇದೇ. ಗದ್ದಲದ ಮಾತಿಗೆ ಉದ್ದನೆಯ ಪರಿಶೀಲನೆ ಸಿಗುತ್ತದೆ, ಆ ಗದ್ದಲದಲ್ಲಿ ಮುಚ್ಚಿಹೋದ ವಿಷಯಕ್ಕೆ ಒಂದು ಸಾಲೂ ಸಿಗುವುದಿಲ್ಲ.

ಈ ಕೊರತೆಯನ್ನು ಓದುಗರೇ ತುಂಬಿಕೊಳ್ಳಬಹುದು. ಚರ್ಚೆಯ ಪೂರ್ಣ ಪಠ್ಯವನ್ನು ವಾಹಿನಿಗಳು ಪ್ರಕಟಿಸುತ್ತವೆ. ಅದರಿಂದ ನಿರೂಪಕರ ಪ್ರಶ್ನೆಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿ. ಪ್ರತಿ ಪ್ರಶ್ನೆಯ ಎದುರು, ಉತ್ತರದಲ್ಲಿ ಬಂದ ಮೊತ್ತ, ಕಾಯ್ದೆಯ ಹೆಸರು, ಗಡುವು ಇವುಗಳನ್ನು ಮಾತ್ರ ಬರೆಯಿರಿ. ಎದುರಾಳಿಯ ಬಗ್ಗೆ ಆಡಿದ ಮಾತನ್ನು ಬರೆಯಬೇಡಿ. ಖಾಲಿ ಉಳಿದ ಸಾಲುಗಳೇ ಆ ರಾತ್ರಿಯ ನಿಜವಾದ ವರದಿ. ವಿಡಿಯೊ ನೋಡುತ್ತಾ ಇದನ್ನು ಮಾಡಲು ಹೋದರೆ ಕೆಡುತ್ತದೆ, ದನಿ ಮತ್ತು ಮುಖಭಾವ ನಮ್ಮನ್ನು ಎಳೆದುಕೊಂಡು ಹೋಗುತ್ತವೆ.

ಇನ್ನು ಓಲೈಕೆ. 2008ರ ಬೇಸಿಗೆಗೆ ಮುಂಚೆ, ಅಧ್ಯಕ್ಷ ಸ್ಥಾನದ ಸ್ಪರ್ಧೆಯಲ್ಲಿದ್ದ ಜಾನ್ ಮೆಕೇನ್, ಬಳಿಕ ಹಿಲರಿ ಕ್ಲಿಂಟನ್, ಮೇ ಕೊನೆಯ ಮೆಮೋರಿಯಲ್ ಡೇಯಿಂದ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇವರೆಗೆ ಪೆಟ್ರೋಲಿನ ಮೇಲಿನ ಫೆಡರಲ್ (ಕೇಂದ್ರ ಸರ್ಕಾರದ) ತೆರಿಗೆಯನ್ನು ಬಿಡೋಣ ಎಂದರು. ಬರಾಕ್ ಒಬಾಮಾ ಒಪ್ಪಲಿಲ್ಲ. ತೆರಿಗೆ ಗ್ಯಾಲನ್‌ಗೆ 18.4 ಸೆಂಟ್. ವಾರಕ್ಕೊಮ್ಮೆ 15 ಗ್ಯಾಲನ್ ತುಂಬಿಸುವವರಿಗೆ ವಾರಕ್ಕೆ 2.76 ಡಾಲರ್, ಆ 14 ವಾರಗಳಿಗೆ 39 ಡಾಲರಿಗೂ ಕಡಿಮೆ. ಅದೂ ಪೂರ್ತಿ ಕೈಗೆ ಬಂದರೆ! ಬೇಸಿಗೆಯಲ್ಲಿ ಸಂಸ್ಕರಣಾಗಾರಗಳು ಹೆಚ್ಚುಕಡಿಮೆ ಪೂರ್ಣ ಸಾಮರ್ಥ್ಯದಲ್ಲಿ ಓಡುತ್ತಿರುತ್ತವೆ, ಪೂರೈಕೆ ಹೆಚ್ಚುವುದಿಲ್ಲ. ತೆರಿಗೆ ಇಳಿದು ಬೇಡಿಕೆ ಏರಿದರೆ ಬೆಲೆ ಮತ್ತೆ ಮೇಲಕ್ಕೇರಿ, ಲಾಭದ ಬಹುಪಾಲು ತೈಲ ಕಂಪನಿಗಳಿಗೆ ಹೋಗುತ್ತದೆ. ಹೆದ್ದಾರಿ ನಿಧಿಗೆ ಬರುವ ಹಣವೂ ನಿಲ್ಲುತ್ತದೆ. 200ಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಸಹಿ ಹಾಕಿ ವಿರೋಧಿಸಿದ್ದರು. ಹಾಗಿದ್ದರೂ 2022ರಲ್ಲಿ ಅಧ್ಯಕ್ಷ ಬೈಡನ್ ಮೂರು ತಿಂಗಳ ಇಂಥದೇ ತೆರಿಗೆ ರಜೆ ಕೇಳಿದರು, ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕೊಡಲಿಲ್ಲ. 'ತೆರಿಗೆ ಬಿಡುತ್ತೇನೆ' ಎಂಬ ಮಾತಿನಲ್ಲಿ ಸುಳ್ಳೆಲ್ಲಿದೆ? ಮೀಟರಿನ ಮುಳ್ಳು ಅಲ್ಲಾಡುವುದೇ ಇಲ್ಲ.

ಇಲ್ಲಿ ಬೇಕಾಗುವುದು ಬೊಕ್ಕಸದ ಲೆಕ್ಕ ಹಾಕುವ ಸೇವೆಗಳು. ಸಂಸತ್ತಿನದೇ ಆದ ಬಜೆಟ್ ಕಚೇರಿ ಸಿಬಿಒ ಅಭ್ಯರ್ಥಿಗಳ ಭರವಸೆಗಳಿಗೆ ಕೈಹಾಕುವುದಿಲ್ಲ. ಆ ಜಾಗವನ್ನು ಸಿಆರ್‌ಎಫ್‌ಬಿ ಎಂಬ ಜವಾಬ್ದಾರಿಯುತ ಬಜೆಟ್ ಸಮಿತಿ, ಟ್ಯಾಕ್ಸ್ ಪಾಲಿಸಿ ಸೆಂಟರ್, ಯೇಲ್ ಬಜೆಟ್ ಲ್ಯಾಬ್ ತುಂಬುತ್ತವೆ. 2024ರ ಜೂನ್‌ನಲ್ಲಿ ಟ್ರಂಪ್ ಲಾಸ್ ವೇಗಸ್‌ನಲ್ಲಿ 'ಟಿಪ್ಸ್ ಮೇಲೆ ತೆರಿಗೆ ಇಲ್ಲ' ಎಂದರು, ಆಗಸ್ಟ್‌ನಲ್ಲಿ ಅದೇ ಊರಿನಲ್ಲಿ ಹ್ಯಾರಿಸ್ ಕೂಡ ಅದನ್ನೇ ಹೇಳಿದರು. ಹೋಟೆಲು, ಕ್ಯಾಸಿನೊ ನೌಕರರೇ ತುಂಬಿರುವ ನೆವಾಡಾ ರಾಜ್ಯದ 6 ಎಲೆಕ್ಟೋರಲ್ ಮತಗಳ (ಅಧ್ಯಕ್ಷರ ಆಯ್ಕೆಯಲ್ಲಿ ಪ್ರತಿ ರಾಜ್ಯಕ್ಕಿರುವ ಮತಗಳ) ಮೇಲೆ ಇಬ್ಬರಿಗೂ ಕಣ್ಣಿತ್ತು. ಸಿಆರ್‌ಎಫ್‌ಬಿ ಲೆಕ್ಕದಲ್ಲಿ ಟ್ರಂಪ್ ಪ್ರಸ್ತಾಪಕ್ಕೆ ಹತ್ತು ವರ್ಷಕ್ಕೆ 150ರಿಂದ 250 ಬಿಲಿಯನ್ ಡಾಲರ್ ಆದಾಯ ಖೋತಾ. ಯೇಲ್ ಲ್ಯಾಬ್ ಇನ್ನೊಂದು ಕಡೆಯಿಂದ ನೋಡಿತು: ಟಿಪ್ಸ್ ಪಡೆಯುವ ಕೆಲಸಗಾರರು ಒಟ್ಟು ಸುಮಾರು 40 ಲಕ್ಷ, ಅವರಲ್ಲಿ ಶೇ 37ರಷ್ಟು ಮಂದಿಗೆ ಆದಾಯವೇ ಕಡಿಮೆ, 2022ರಲ್ಲಿ ಅವರು ಕಟ್ಟಬೇಕಾಗಿದ್ದ ಫೆಡರಲ್ ಆದಾಯ ತೆರಿಗೆ ಸೊನ್ನೆ. ಎಲ್ಲರಿಗಿಂತ ಬಡವರಾದ ಸರ್ವರ್‌ಗಳಿಗೆ ಈ ಭರವಸೆಯಿಂದ ಬಿಡಿಗಾಸೂ ಸಿಗುವುದಿಲ್ಲ ಎಂಬುದನ್ನು ಈ ಒಂದು ಅಂಕಿ ಹೇಳಿಬಿಡುತ್ತದೆ. ಯಾವ ಫ್ಯಾಕ್ಟ್‌ಚೆಕ್ ಮೀಟರೂ ಇದನ್ನು ಇಷ್ಟು ಸ್ಪಷ್ಟವಾಗಿ ಹೇಳಲಾರದು. 2025ರ ಜುಲೈನಲ್ಲಿ ಕಾನೂನಾಗಿ ಬಂದದ್ದು 25,000 ಡಾಲರ್‌ವರೆಗಿನ ಟಿಪ್ಸ್ ಅನ್ನು ತೆರಿಗೆ ಲೆಕ್ಕದ ಆದಾಯದಿಂದ ಕಳೆಯುವ ಅವಕಾಶ, ಅದೂ 2025ರಿಂದ 2028ರವರೆಗೆ ಮಾತ್ರ. ಸಂಬಳದಿಂದ ಮುರಿಯುವ ಸೋಶಿಯಲ್ ಸೆಕ್ಯೂರಿಟಿ (ಪಿಂಚಣಿ), ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ತೆರಿಗೆ ಹಾಗೆಯೇ ಉಳಿಯಿತು.

ಈ ಲೆಕ್ಕಗಳನ್ನೂ ಕಣ್ಣುಮುಚ್ಚಿ ಒಪ್ಪಬಾರದು. 2024ರ ಅಕ್ಟೋಬರ್ 7ರ ಸಿಆರ್‌ಎಫ್‌ಬಿ ವರದಿ ಪ್ರಕಾರ 2035ರ ಹೊತ್ತಿಗೆ ಹ್ಯಾರಿಸ್ ಯೋಜನೆಗಳಿಂದ ಸಾಲ 3.5 ಟ್ರಿಲಿಯನ್, ಟ್ರಂಪ್ ಯೋಜನೆಗಳಿಂದ 7.5 ಟ್ರಿಲಿಯನ್ ಡಾಲರ್ ಏರುತ್ತದೆ. ಪತ್ರಿಕೆಗಳಲ್ಲಿ ಎದ್ದು ಕಂಡದ್ದು ಈ ಎರಡು ಅಂಕಿಗಳೇ. ಆದರೆ ಅದೇ ವರದಿಯಲ್ಲಿ ಹ್ಯಾರಿಸ್‌ಗೆ ಸೊನ್ನೆಯಿಂದ 8.1, ಟ್ರಂಪ್‌ಗೆ 1.45ರಿಂದ 15.15 ಟ್ರಿಲಿಯನ್ ಎಂಬ ವ್ಯಾಪ್ತಿ ಇತ್ತು. ಇಷ್ಟು ಅಂತರ ಯಾಕೆಂದರೆ ಭರವಸೆಗಳೇ ಅರೆಬರೆ. ಯಾರಿಗೆ, ಎಷ್ಟು, ಯಾವಾಗಿನಿಂದ ಎಂದು ಅಭ್ಯರ್ಥಿ ಹೇಳದಿದ್ದರೆ ಲೆಕ್ಕಿಗರು ಊಹಿಸಲೇಬೇಕು. ವ್ಯಾಪ್ತಿ ದೊಡ್ಡದಿದ್ದಷ್ಟೂ ಭರವಸೆ ಸಡಿಲ ಎಂದು ಓದಿಕೊಳ್ಳಿ. ಇನ್ನೊಂದು ಎಚ್ಚರಿಕೆ: ಈ ಸಮಿತಿ ಸಾಲ ತಗ್ಗಿಸಬೇಕು ಎಂಬ ನಿಲುವಿನದು. ಖರ್ಚಿನಿಂದ ಜನರಿಗಾಗುವ ಪ್ರಯೋಜನವನ್ನು ಅದು ಅಳೆಯುವುದಿಲ್ಲ. ಯಾವ ಆದಾಯದವರಿಗೆ ಎಷ್ಟು ಎಂದು ನೋಡಲು ಟ್ಯಾಕ್ಸ್ ಪಾಲಿಸಿ ಸೆಂಟರ್‌ನ ಹಂಚಿಕೆ ಕೋಷ್ಟಕಗಳೇ ಮೇಲು.

ಪಾಲಿಟಿಫ್ಯಾಕ್ಟ್‌ನಲ್ಲಿ ಓಲೈಕೆಗೆ ಹತ್ತಿರ ಬರುವ ಸಾಧನ ಒಂದಿದೆ, 'ಫ್ಲಿಪ್-ಓ-ಮೀಟರ್'. ನಿಲುವು ಬದಲಿಲ್ಲ, ಅರ್ಧ ಬದಲು, ಪೂರ್ತಿ ಉಲ್ಟಾ ಎಂದು ಮೂರೇ ಮಟ್ಟ. 2019ರಲ್ಲಿ ಫ್ರ್ಯಾಕಿಂಗ್ (ನೆಲದಡಿಯ ಬಂಡೆ ಸೀಳಿ ತೈಲ, ಅನಿಲ ತೆಗೆಯುವ ವಿಧಾನ) ನಿಷೇಧ ಬೇಕೆಂದಿದ್ದ ಹ್ಯಾರಿಸ್ 2024ರಲ್ಲಿ, ಪೆನ್ಸಿಲ್ವೇನಿಯಾದ 19 ಎಲೆಕ್ಟೋರಲ್ ಮತಗಳು ನಿರ್ಣಾಯಕವಾಗಿದ್ದಾಗ, ನಿಷೇಧಿಸುವುದಿಲ್ಲ ಎಂದರು. 2021ರಲ್ಲಿ ಬಿಟ್‌ಕಾಯಿನ್ ಮೋಸದಂತೆ ಕಾಣುತ್ತದೆ ಎಂದಿದ್ದ ಟ್ರಂಪ್ 2024ರ ಜುಲೈನಲ್ಲಿ ನ್ಯಾಶ್‌ವಿಲ್‌ನ ಬಿಟ್‌ಕಾಯಿನ್ ಸಮಾವೇಶದಲ್ಲಿ ಅದರ ಸರ್ಕಾರಿ ದಾಸ್ತಾನಿನ ಮಾತಾಡಿದರು. ಇಂಥವನ್ನು ಹುಡುಕಲು ಈ ಮೀಟರೇ ಸರಿ. ಬದಲಾದದ್ದು ಸರಿಯೋ ತಪ್ಪೋ ಎಂದು ಅದು ಹೇಳುವುದಿಲ್ಲ, ಹೇಳಲೂಬಾರದು. ಹಳೆಯ ಮಾತಿನ ತಾರೀಖು, ಹೊಸ ಮಾತಿನ ತಾರೀಖು ಮತ್ತು ಊರು ಇವನ್ನು ಪಕ್ಕಪಕ್ಕ ಇಟ್ಟು ನೋಡಿ. ಗೆದ್ದವರ ಭರವಸೆಗಳಿಗೆ ಬೇರೆ ಪಟ್ಟಿಯಿದೆ. ಒಬಾಮಾ ಕಾಲದಲ್ಲಿ ಅದರಲ್ಲಿ 500ಕ್ಕೂ ಹೆಚ್ಚು ಭರವಸೆಗಳಿದ್ದವು, ಈಗ ಟ್ರಂಪ್ ಅವರ ಎರಡನೇ ಅವಧಿಗೆ, ಅವರ 'ಮೇಕ್ ಅಮೆರಿಕ ಗ್ರೇಟ್ ಅಗೇನ್' ಘೋಷಣೆಯ ಹೆಸರಿನ 'ಮಾಗಾ-ಮೀಟರ್' ಇದೆ. ಆದರೆ ಆ ಹೊತ್ತಿಗೆ ಮತ ಹಾಕಿ ಆಗಿರುತ್ತದೆ.

ಒಂದೇ ತಾಣ ಸಾಕು ಎನ್ನುವವರಿಗೆ ಫ್ಯಾಕ್ಟ್‌ಚೆಕ್ ಡಾಟ್ ಆರ್ಗ್ ನಮ್ಮ ಆಯ್ಕೆ. ಎರಡನೆಯದಕ್ಕೆ ಸಮಯವಿದ್ದರೆ ಪಾಲಿಟಿಫ್ಯಾಕ್ಟ್‌ಗಿಂತ ಮೊದಲು ಸಿಆರ್‌ಎಫ್‌ಬಿಗೆ ಹೋಗಿ. ಫ್ಯಾಕ್ಟ್‌ಚೆಕ್‌ನಲ್ಲಿ ಓದುಗರು ಪ್ರಶ್ನೆ ಕಳಿಸಬಹುದಾದ 'ಆಸ್ಕ್ ಫ್ಯಾಕ್ಟ್‌ಚೆಕ್' ವಿಭಾಗವೂ ಇದೆ. ಅಲ್ಲಿ 'ಇದು ನಿಜವೇ' ಎಂದಷ್ಟೇ ಕೇಳಿದರೆ ಭರವಸೆಯ ವಿಷಯದಲ್ಲಿ ಏನೂ ಸಿಗುವುದಿಲ್ಲ. 'ಇದನ್ನು ಅಧ್ಯಕ್ಷರು ತಮ್ಮ ಆದೇಶದಿಂದಲೇ ಮಾಡಬಹುದೇ, ಕಾಂಗ್ರೆಸ್ ಮಸೂದೆ ಬೇಕೇ, ಸೆನೆಟ್‌ನಲ್ಲಿ ಚರ್ಚೆಗೆ ತೆರೆ ಎಳೆದು ಮಸೂದೆಯನ್ನು ಮುಂದೊಯ್ಯಲು 60 ಮತ ಬೇಕಾಗುತ್ತದೆಯೇ' ಎಂದು ಕೇಳಿ.